ಮೊದಲು ನಮ್ಮ ಕಾರ್ಡು, ಆಮೇಲೆ ನಿಮ್ಮ ರಾಜ್ಯ

ಉಮೇಶ ಕತ್ತಿಯವರ ಹೆಸರು ಬಂದರೆ ನಮ್ಮ ಹಾರೂಗೇರಿಯ ಗಂಡಸರು ಇಂದಿಗೂ ಚಹಾದ ಕಪ್ಪು ಕೆಳಗಿಟ್ಟು ಮಾತಿಗೆ ಕೂಡುತ್ತಾರೆ. 2022ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಯಜಮಾನರು, "ನಮ್ಮ ಕಡೀ ಪರವಾಗಿ ಬಾಯಿಬಿಟ್ಟು ಮಾತಾಡೋ ಒಬ್ಬ ಮನಷ್ಯಾ ಹೋದ" ಎಂದು ನಿಟ್ಟುಸಿರು ಬಿಟ್ಟರು. ನಾನು ಸುಮ್ಮನಿದ್ದೆ. ಸತ್ತ ಮನೆಯ ಮುಂದೆ ಲೆಕ್ಕ ತೆಗೆಯಬಾರದು. ಈಗ ತೆಗೆಯುತ್ತೇನೆ.

ಹುಕ್ಕೇರಿ ನಮಗೇನು ದೂರವಲ್ಲ. ತಂದೆ ತೀರಿಕೊಂಡ ಮೇಲೆ 1985ರಲ್ಲಿ ಶಾಸಕರಾದ ಕತ್ತಿಯವರು ಒಟ್ಟು ಎಂಟು ಸಲ ಗೆದ್ದರು. ಪಕ್ಷಗಳನ್ನು ಬದಲಿಸಿದರು, ಆದರೆ ಉತ್ತರ ಕರ್ನಾಟಕ ಬೇರೆ ರಾಜ್ಯವಾಗಬೇಕು ಎಂಬ ಮಾತನ್ನು ಬಿಡಲಿಲ್ಲ. ಮಂತ್ರಿಯಾದಾಗಲೂ ಬಾಯಿಗೆ ಬೀಗ ಹಾಕಿಕೊಳ್ಳಲಿಲ್ಲ. 2022ರ ಜೂನ್‌ನಲ್ಲಿ ಬೆಳಗಾವಿಯ ವಕೀಲರ ಮುಂದೆ, 2024ರ ಚುನಾವಣೆ ಮುಗಿದ ಮೇಲೆ ದೇಶದಲ್ಲಿ 50 ರಾಜ್ಯಗಳಾಗುತ್ತವೆ, ಕರ್ನಾಟಕ ಎರಡಾಗುತ್ತದೆ ಎಂದರು. ಕೇಳಿದವರು ನಕ್ಕರು. ಆ ನಗೆ ನನಗೆ ಸೇರಲಿಲ್ಲ. ನಮ್ಮ ದೂರು ಸುಳ್ಳಲ್ಲ. ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 26 ನಮ್ಮ ಕಡೆಯವೆಂದು ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದುಕೊಟ್ಟಿದೆ.

ನನ್ನ ಜಗಳ ಬೇರೆ. ಇದೇ ಕತ್ತಿಯವರು ಆಹಾರ ಮಂತ್ರಿಯಾಗಿ 2021ರ ಫೆಬ್ರವರಿಯಲ್ಲಿ ಏನೆಂದರು? ಟಿವಿ, ಫ್ರಿಜ್, ಮೋಟರ್ ಸೈಕಲ್ ಇದ್ದವರು ಮಾರ್ಚ್ 31ರೊಳಗೆ ಬಿಪಿಎಲ್ ಕಾರ್ಡು ಮರಳಿಸಬೇಕು ಎಂದರು! ಮರುದಿನ ನಮ್ಮ ಮನೆಗೆ ಭಾಂಡೆ ತಿಕ್ಕಲು ಬಂದಾಕೆ ಬಚ್ಚಲದಲ್ಲೇ ಕೂತು ಕೇಳಿದಳು: "ಟಿವಿ ಕಂತಿನ ಮ್ಯಾಲ ತಂದೇನ್ರಿ ವೈನಿ. ಅಕ್ಕೀನೂ ಕಂತಿನ ಮ್ಯಾಲ ಕೊಡ್ತಾರೇನ್ರಿ?" ಉಳ್ಳವರ ಕೈಯಲ್ಲಿರುವ ಕಾರ್ಡು ಕಸಿದುಕೊಳ್ಳಲಿ, ಬೇಡವೆನ್ನುವವರಾರು? ಆದರೆ ಬಡತನವನ್ನು ಅಳೆಯಲು ಅವಳ ಮನೆಯ ಟಿವಿಯೇ ಬೇಕಾಯಿತೇ? ಬೆಂಗಳೂರು ನಮಗೆ ಅನ್ಯಾಯ ಮಾಡಿತೆಂದು ಗುಡುಗುವ ನಾಲಿಗೆ, ಅವಳ ಪಾಲಿಗೆ ಬೆಂಗಳೂರಿನ ನಾಲಿಗೆಯೇ ಆಯಿತು.

ಇನ್ನೊಂದು ನೆನಪು. ನಮ್ಮ ಕಡೆಗೂ ಒಂದು ವಿಧಾನಸೌಧವಿರಲೆಂದು 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣಸೌಧ ತೆರೆದರು. ಅಧಿವೇಶನ ನಡೆಯುವುದು ವರ್ಷಕ್ಕೆ ಕೆಲವೇ ದಿನ. 2022ರ ಬೇಸಿಗೆಯಲ್ಲಿ, ಅಲ್ಲಿ ಗುತ್ತಿಗೆ ಕೆಲಸ ಮಾಡುವ ಹೆಂಗಸೊಬ್ಬಳು ಸೌಧದ ಮುಂದೆ ಬಿಸಿಲಿಗೆ ಶಾವಿಗೆ ಒಣಹಾಕಿದಳು. ಅದಕ್ಕೆ ಅವಳನ್ನು ಕೆಲಸದಿಂದ ತೆಗೆದರು. ಜನ ಛೀಮಾರಿ ಹಾಕಿದ ಮೇಲೆ ಮತ್ತೆ ಕರೆದರಂತೆ. ಸೌಧ ನಮ್ಮ ನೆಲಕ್ಕೆ ಬಂದಿತು, ಅದರ ದರ್ಪವೂ ಜೊತೆಗೇ ಬಂದಿತು.

ಮನೆಯಲ್ಲಿ ಅಣ್ಣತಮ್ಮಂದಿರು ಪಾಲು ಕೇಳುವಾಗ ಹೆಂಗಸರ ಹೆಸರು ಹೇಳುತ್ತಾರೆ. ಪಾಲಾದ ಮೇಲೆ ಒಲೆ ಎರಡಾಗುತ್ತದೆ, ಊದುವವಳು ಅವಳೇ. ಬೇರೆ ರಾಜ್ಯದ ಮಾತಿನಲ್ಲೂ ನನಗಿರುವ ಅಂಜಿಕೆ ಇದೇ.

ಅಕ್ಕತಂಗಿಯರೇ, ನಾಳೆ ಯಾರಾದರೂ ಬಂದು ಹೊಸ ರಾಜ್ಯ ಕೊಡಿಸುತ್ತೇವೆ ಎಂದರೆ ಚಾಪೆ ಹಾಸಿರಿ, ಚಹಾ ಕೊಡಿರಿ. ಆಮೇಲೆ ಒಂದೇ ಮಾತು ಕೇಳಿರಿ: ಆ ರಾಜ್ಯದ ಸೌಧದ ಮುಂದೆ ನಾವು ಶಾವಿಗೆ ಒಣಹಾಕಬಹುದೇ?