ಮೂಗಿನ ಅಳತೆ, ಮೂಲದ ಮಾತು

ಡಿಎನ್‌ಎ, ಪೂರ್ವಜರು ಅಂದರೆ ಈಗೀಗ ಸಭಾಂಗಣ ತುಂಬುತ್ತದೆ. ಈಚೆಗೆ ಅಂಥದೊಂದು ಉಪನ್ಯಾಸಕ್ಕೆ ಹೋಗಿದ್ದೆ. ವಿಜ್ಞಾನಿ ಪರದೆಯ ಮೇಲೆ ಬಣ್ಣದ ಚುಕ್ಕೆಗಳನ್ನು ಚೆಲ್ಲಿ, ಈ ಸಮುದಾಯಕ್ಕೂ ಆ ಸಮುದಾಯಕ್ಕೂ ಎಷ್ಟು ದೂರ, ಎಷ್ಟು ಹತ್ತಿರ ಎಂದು ಒಂದು ಗಂಟೆ ತಾಳ್ಮೆಯಿಂದ ಹೇಳಿದರು. ಪ್ರಶ್ನೋತ್ತರ ಶುರುವಾಗಿದ್ದೇ ತಡ, ಮುಂದಿನ ಸಾಲಿನ ಹಿರಿಯರೊಬ್ಬರು ಮೈಕು ಹಿಡಿದರು. “ಅದೆಲ್ಲ ಸರಿ ಸ್ವಾಮಿ, ಮೊದಲಿದ್ದವರು ಯಾರು, ಆಮೇಲೆ ಬಂದವರು ಯಾರು, ಅದನ್ನು ಹೇಳಿ.” ಅಲ್ಲಿಂದ ಮುಂದೆ ಚುಕ್ಕೆಗಳ ಸುದ್ದಿಗೆ ಯಾರೂ ಹೋಗಲಿಲ್ಲ. ಎಲ್ಲರೂ ಅವರವರ ಮೂಗಿನ ನೇರಕ್ಕೇ ಮಾತಾಡಿದರು.

ಮೂಗಿನ ನೇರ ಎಂದದ್ದು ಸುಮ್ಮನೆ ಅಲ್ಲ. ಹರ್ಬರ್ಟ್ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಬಂಗಾಳದಲ್ಲಿ ಜನರ ಮೂಗಿನ ಉದ್ದಗಲ ಅಳೆಸಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂಬ ಸೂತ್ರ ಕಟ್ಟಿದ. 1901ರ ಜನಗಣತಿಯ ಹೊಣೆ ಹೊತ್ತಾಗ ಜಾತಿಗಳನ್ನು ಮೇಲಿನಿಂದ ಕೆಳಕ್ಕೆ ಸಾಲು ನಿಲ್ಲಿಸಹೊರಟ. ನಮ್ಮನ್ನು ಇನ್ನೂ ಮೇಲೆ ಹಾಕಿ ಎಂದು ಅರ್ಜಿಗಳು ಬಂದು ಬಿದ್ದವು. ಮದ್ರಾಸಿನ ಮ್ಯೂಸಿಯಂನಲ್ಲಿ ಎಡ್ಗರ್ ಥರ್ಸ್ಟನ್ ಕೂಡ ಅಳೆಯುವ ಸಾಧನ ಕ್ಯಾಲಿಪರ್ ಹಿಡಿದು ಕೂತಿದ್ದ. 1903ರ ಡಿಸೆಂಬರಿನಲ್ಲಿ ಬಂಗಾಳವನ್ನು ಒಡೆಯುವ ಪ್ರಸ್ತಾವ ಹೊತ್ತ ಸರ್ಕಾರಿ ಪತ್ರ ಹೊರಟಿತಲ್ಲ, ಅದೂ ರಿಸ್ಲೆಯದೇ. ಜನರನ್ನು ಮೂಗಿನಿಂದ ವಿಂಗಡಿಸಿದ ಕೈಯೇ ನಾಡನ್ನೂ ವಿಂಗಡಿಸಿತು.

ವಸಾಹತುಶಾಹಿಯನ್ನು ವಿರೋಧಿಸುವುದೆಂದರೆ ಬಿಳಿಯರು ಹೇಳಿದ್ದಕ್ಕೆಲ್ಲ ಉಲ್ಟಾ ಹೇಳುವುದು ಎಂದು ಇವತ್ತು ಅನೇಕರು ತಿಳಿದಿದ್ದಾರೆ. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ ಹಾಗೆ ಮಾಡಲಿಲ್ಲ. ರಿಸ್ಲೆಯ ಅಂಕಿಗಳನ್ನೇ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿದರು. ಬಂಗಾಳದ ಬ್ರಾಹ್ಮಣರು ಹೊರಪ್ರಾಂತ್ಯದ ಬ್ರಾಹ್ಮಣರಿಗಿಂತ ಬಂಗಾಳದ ಬೇರೆ ಜಾತಿಗಳಿಗೇ ಹೆಚ್ಚು ಹತ್ತಿರ ಎಂದು 1920ರ ದಶಕದಲ್ಲೇ ತೋರಿಸಿದರು. ಆಮೇಲೆ ರಿಸ್ಲೆಯ ಕೋಷ್ಟಕಗಳಲ್ಲಿದ್ದ ತಪ್ಪುಗಳನ್ನೂ ತಿದ್ದಿ ಅಚ್ಚು ಹಾಕಿಸಿದರು. ಎರಡು ಗುಂಪುಗಳ ನಡುವಿನ ದೂರವನ್ನು ಹಲವು ಅಳತೆ ಒಟ್ಟಿಗೆ ಇಟ್ಟುಕೊಂಡು ಕಂಡುಹಿಡಿಯುವ ಅವರ ಸೂತ್ರ 1936ರದು. ಬೆಂಗಳೂರಿನ ಕಂಪ್ಯೂಟರ್ ಎಂಜಿನಿಯರುಗಳು ಇವತ್ತಿಗೂ ‘ಮಹಲನೋಬಿಸ್ ಡಿಸ್ಟನ್ಸ್’ ಬಳಸುತ್ತಾರೆ. ಅದರ ಬೇರು ತಲೆ, ಮೂಗುಗಳ ಅಳತೆಯಲ್ಲಿದೆ ಎಂದು ಎಷ್ಟು ಮಂದಿಗೆ ಗೊತ್ತೋ. ಯಾರು ಮೇಲೆ ಎಂಬ ಪ್ರಶ್ನೆಯನ್ನು ಅವರು ಎಷ್ಟು ದೂರ ಎಂದು ಬದಲಿಸಿದರು. ಅಂಬೇಡ್ಕರ್ ಕೂಡ ಅಸ್ಪೃಶ್ಯರ ಮೂಲ ಕುರಿತ ತಮ್ಮ 1948ರ ಪುಸ್ತಕದಲ್ಲಿ ಸಮಾಜಶಾಸ್ತ್ರಜ್ಞ ಘುರ್ಯೆ ಒದಗಿಸಿದ ಮೂಗಿನ ಅಳತೆಗಳನ್ನೇ ಮುಂದಿಟ್ಟು, ಅಸ್ಪೃಶ್ಯತೆಗೆ ಜನಾಂಗ ಕಾರಣ ಎಂಬ ವಾದವನ್ನು ಕೆಡವಿದರು.

ಈ ಕಥೆಯಲ್ಲಿ ನಮ್ಮ ಹೂವಿನಹಡಗಲಿಗೂ ಒಂದು ಪಾಲಿದೆ. ಅಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಮಹಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು. 1946ರಲ್ಲಿ, ದೇಶ ಸ್ವತಂತ್ರವಾಗಲು ವರ್ಷವೊಂದಿರುವಾಗ, ಅವರನ್ನೂ ಸಮಾಜವಿಜ್ಞಾನಿ ರಾಮಕೃಷ್ಣ ಮುಖರ್ಜಿಯವರನ್ನೂ ಕೇಂಬ್ರಿಜ್‌ಗೆ ಕಳಿಸಲಾಯಿತು. ಕೆಲಸ ಏನು ಗೊತ್ತೆ? ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತಂದಿದ್ದ ಪುರಾತನ ಅಸ್ಥಿಗಳನ್ನು ಅಳೆಯುವುದು. ಔಷಧಿ ಉದ್ಯಮಿ ಹೆನ್ರಿ ವೆಲ್ಕಮ್ ಮೊದಲ ಮಹಾಯುದ್ಧಕ್ಕೂ ಮುಂಚೆ ಅಗೆಸಿದ್ದ ಎಲುಬುಗಳು ಅವು. ಆ ಸಂಶೋಧನೆ 1955ರಲ್ಲಿ ಪುಸ್ತಕವಾಯಿತು. ಅದೇ ವರ್ಷ ಮುಖರ್ಜಿಯವರದು ಇನ್ನೊಂದು ಪುಸ್ತಕವೂ ಬಂತು: ಈಸ್ಟ್ ಇಂಡಿಯಾ ಕಂಪನಿಯ ಏಳುಬೀಳಿನ ಕಟುವಾದ ವಿಮರ್ಶೆ. ಒಬ್ಬನೇ ಮನುಷ್ಯ ಸಾಮ್ರಾಜ್ಯದ ಲೆಕ್ಕವನ್ನೂ ಎಲುಬಿನ ಲೆಕ್ಕವನ್ನೂ ಬರೆದ. ನನಗೆ ಹೆಮ್ಮೆಯ ಜೊತೆ ಸ್ವಲ್ಪ ಮುಜುಗರವೂ ಆಗುತ್ತದೆ. ಸುಡಾನಿನ ಮಟ್ಟಿಗೆ ಅವತ್ತು ನಾವೂ ಕ್ಯಾಲಿಪರ್ ಹಿಡಿದವರ ಕಡೆಯೇ ನಿಂತಿದ್ದೆವು.

ಕ್ಯಾಲಿಪರ್ ಹೋಗಿ ಡಿಎನ್‌ಎ ಬಂದಮೇಲೂ ಜಗಳ ನಿಂತಿಲ್ಲ. 2008ರಲ್ಲಿ ಹೈದರಾಬಾದಿನಲ್ಲಿ ತಳಿವಿಜ್ಞಾನಿಗಳಾದ ಲಾಲ್‌ಜಿ ಸಿಂಗ್ ಮತ್ತು ತಂಗರಾಜ್ ಅವರು ಹಾರ್ವರ್ಡಿನ ಡೇವಿಡ್ ರೈಕ್ ಜೊತೆ ಕೂತು ವಾದಿಸಿದ್ದು ಬಹುಪಾಲು ಪೂರ್ವಜ ಗುಂಪುಗಳಿಗೆ ಇಡುವ ಹೆಸರಿನ ಬಗ್ಗೆ. ‘ಪಶ್ಚಿಮ ಯುರೇಷಿಯದವರು’ ಎಂಬ ಪದ ಬಿಟ್ಟು ಪೂರ್ವಜ ಉತ್ತರ ಭಾರತೀಯರು, ಪೂರ್ವಜ ದಕ್ಷಿಣ ಭಾರತೀಯರು ಎಂದು ಹೆಸರಿಟ್ಟರು. ಅಧ್ಯಯನದಲ್ಲಿದ್ದ ಬಹುತೇಕ ಗುಂಪುಗಳು ಈ ಎರಡರ ಬೆರಕೆ ಎಂದು 2009ರಲ್ಲಿ ಪ್ರಕಟಿಸಿದರು. ಹರಿಯಾಣದ ಸಿಂಧೂ ನಾಗರಿಕತೆಯ ನೆಲೆ ರಾಖಿಗಢಿಯ ಅಸ್ಥಿಗಳ ಕುರಿತ 2019ರ ಪ್ರಬಂಧದ ಪ್ರಸಂಗ ಇದಕ್ಕಿಂತ ಬೇಸರದ್ದು. 61 ಮಾದರಿಗಳಲ್ಲಿ ಡಿಎನ್‌ಎ ಕೊಟ್ಟದ್ದು ಒಂದೇ, ಒಬ್ಬ ಹೆಂಗಸಿನದು. ಆರ್ಯರ ವಲಸೆಯೊಂದಿಗೆ ತಳಕು ಹಾಕುವ, ಯುರೇಷಿಯದ ಹುಲ್ಲುಗಾವಲಿನ (ಸ್ಟೆಪಿ) ಪಶುಪಾಲಕರ ಅಂಶ ಆಕೆಯಲ್ಲಿ ಇರಲಿಲ್ಲ. ಜೊತೆಗೇ ಬಂದ ಇನ್ನೊಂದು ಪ್ರಬಂಧ ಆ ಅಂಶ ಕ್ರಿ.ಪೂ. 2000ದ ನಂತರ ಇತ್ತ ಬಂದಿತು ಎಂದಿತು. ಕೆಲವರು ಎರಡೂ ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿದ್ದರು. ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಮಾತ್ರ ಆರ್ಯರ ವಲಸೆಯ ಮಾತೇ ಸುಳ್ಳು ಎಂಬಂತೆ ಘೋಷಿಸಲಾಯಿತು. ಮೊದಲಿದ್ದವರು ಯಾರು ಎಂಬ ಆ ಹಿರಿಯರ ಪ್ರಶ್ನೆ ಮೈಕು ಹಿಡಿಯುವವರನ್ನಷ್ಟೇ ಅಲ್ಲ, ವೇದಿಕೆ ಮೇಲಿರುವವರನ್ನೂ ಕಾಡುತ್ತದೆ.

ಅಂದು ಸಭೆಯಲ್ಲಿ ನನಗೆ ನೆನಪಾದವರು ಉತ್ತರ ಕನ್ನಡದ, ಆಫ್ರಿಕ ಮೂಲದ ಸಿದ್ದಿಗಳು. 1980ರ ದಶಕದ ಕೊನೆಯಲ್ಲಿ ಕೇಂದ್ರದ ಕ್ರೀಡಾ ಯೋಜನೆಯೊಂದು, ಆಫ್ರಿಕದ ಮೈಕಟ್ಟು, ಓಡಿ ಪದಕ ತಂದಾರು ಎಂದು ಅವರ ಮಕ್ಕಳನ್ನು ಆರಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ನಿಂತೂಹೋಯಿತು. ಸ್ವತಂತ್ರ ಭಾರತದ ರಿಸ್ಲೆಗಿರಿ ಎಂದರೆ ಇದೇ. 2011ರಲ್ಲಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ಅಧ್ಯಯನ ಅಮೆರಿಕದ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲಿ ಬಂತು. ಆಫ್ರಿಕದ ಬಾಂಟು ಜನರ ನಂಟೂ ಇಲ್ಲಿಯ ನೆಂಟಸ್ತನವೂ ಅದರಲ್ಲಿವೆ.

ವಿಜ್ಞಾನಿಗಳಲ್ಲಿ ಒಂದು ಕೋರಿಕೆ. ನಗರದ ಹವಾನಿಯಂತ್ರಿತ ಸಭಾಂಗಣದಲ್ಲಿ ನಮಗೆ ಹೇಳಿದ್ದು ಸಾಕು. ಮುಂದಿನ ಉಪನ್ಯಾಸವನ್ನು ಸಿದ್ದಿಗಳಿರುವ ಯಲ್ಲಾಪುರದಲ್ಲೋ ಹಳಿಯಾಳದಲ್ಲೋ ಇಟ್ಟುಕೊಳ್ಳಿ, ಕನ್ನಡದಲ್ಲಿ, ಕೊಂಕಣಿಯಲ್ಲಿ. ಮೈಕನ್ನು ಮೊದಲು ಅಧ್ಯಯನಕ್ಕೆ ರಕ್ತ ಕೊಟ್ಟವರ ಕೈಗೆ ಕೊಡಿ.