ನಾಲ್ಕು ಗಂಟೆ ಹನ್ನೊಂದು ನಿಮಿಷ

ಆಗಸ್ಟ್ ತಿಂಗಳು ಮುಗಿಯುವ ಹೊತ್ತಿಗೆ ಹೈದರಾಬಾದಿನ ಕನ್ನಡಿಗರ ಕೂಟಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ: ‘ಎಷ್ಟರಲ್ಲಿ ಮುಗಿಸಿದಿರಿ?’ ಹಿಂದೆ ಈ ದಿನಗಳಲ್ಲಿ ಗಣೇಶನ ಹಬ್ಬದ ಚಂದಾ, ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಹಂಚಿಕೆ, ದಸರಾಕ್ಕೆ ಊರಿಗೆ ಹೋಗುವ ರೈಲಿನ ಟಿಕೆಟ್ಟು, ಇವುಗಳ ಮಾತೇ ಮಾತು. ಈಗ ಅವುಗಳ ನಡುವೆ ಮ್ಯಾರಥಾನ್ ಓಟವೂ ಬಂದು ಕುಳಿತಿದೆ. 2011ರಲ್ಲಿ ಆರಂಭವಾದ ಹೈದರಾಬಾದ್ ಮ್ಯಾರಥಾನ್‌ನಲ್ಲಿ ನಮ್ಮ ಬಳಗದವರೂ ಓಡುತ್ತಾರೆ. ಓಡದವರು ರಸ್ತೆಯ ಪಕ್ಕ ನಿಂತು ನೀರು, ಕಿತ್ತಳೆ ತೊಳೆ ಕೊಡುತ್ತಾರೆ. ಆ ಬಳಿಕ ಒಂದು ವಾರ ಎಲ್ಲರೂ ಅಂಕಿಗಳನ್ನು ಮಾತನಾಡುತ್ತಾರೆ.

ಈ ಅಂಕಿಗಳ ಬಗ್ಗೆಯೇ ನಮ್ಮ ತಕರಾರು. ಕಳೆದ ಆಗಸ್ಟ್‌ನಲ್ಲಿ ನಮ್ಮ ಬಳಗದ, ರಾಯಚೂರು ಕಡೆಯ ಒಬ್ಬರು ನಾಲ್ಕು ಗಂಟೆಯೊಳಗೆ ಮುಗಿಸುವ ಸಂಕಲ್ಪದಿಂದ ಹೊರಟು ನಾಲ್ಕು ಗಂಟೆ ಹನ್ನೊಂದು ನಿಮಿಷಕ್ಕೆ ಗುರಿ ಮುಟ್ಟಿದರು. ಮೊದಲರ್ಧ ಒಂದು ಗಂಟೆ ಐವತ್ತೊಂಬತ್ತು ನಿಮಿಷ, ಉಳಿದರ್ಧ ಎರಡು ಗಂಟೆ ಹನ್ನೆರಡು. ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಹದಿನಾರು ಸೆಕೆಂಡಿಗೂ ಕಡಿಮೆ ಅಂತರ. ಆ ದಿನವೇ ಅವರಿಗೆ ಎರಡು ಬಗೆಯ ಮಾತು ಕೇಳಿಬಂತು. ಮೊದಲನೆಯದು, ‘ಛೆ, ಹನ್ನೊಂದೇ ನಿಮಿಷದಲ್ಲಿ ತಪ್ಪಿಹೋಯಿತಲ್ಲ’ ಎಂಬ ಮರುಕ. ಎರಡನೆಯದು, ‘ಮುಗಿಸಿದ್ದೇ ದೊಡ್ಡದು, ಸಮಯ ಯಾರು ಕೇಳುತ್ತಾರೆ’ ಎಂಬ ಸಮಾಧಾನ. ಎರಡೂ ಪ್ರೀತಿಯಿಂದಲೇ ಬಂದವು. ಆದರೆ ಎರಡೂ ಅವರ ಓಟವನ್ನು ನೋಡಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಮರುಕದ ಮಾತನ್ನು ಮೊದಲು ನೋಡೋಣ. ನಾಲ್ಕು ಗಂಟೆ ಎಂಬುದು ಎಲ್ಲಿಂದ ಬಂತು? ಓಟದ ದೂರವಾದ 42.195 ಕಿಲೋಮೀಟರ್, ನಮ್ಮ ಹಿರಿಯರ ಲೆಕ್ಕದಲ್ಲಿ ಒಂಬತ್ತು ಹರದಾರಿಗೆ ತುಸು ಕಡಿಮೆ. ಇದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಳೆದ ದೂರ, 1921ರಲ್ಲಿ ಅಧಿಕೃತವಾದದ್ದು. ಅದಕ್ಕೆ ಮೊದಲು ಮ್ಯಾರಥಾನ್ ಊರಿಗೊಂದು ಅಳತೆಯಲ್ಲಿತ್ತು. ಇದಕ್ಕೆ ನಮ್ಮವರೇ ಒಬ್ಬರು ಸಾಕ್ಷಿ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಬಂದರು. ಅವರ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಚಿನ್ನ ಗೆದ್ದ ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನನ್ ಅವರಿಗಿಂತ ಸುಮಾರು ಹದಿನೆಂಟು ನಿಮಿಷ ಹಿಂದೆ. ಆದರೆ ಆಂಟ್‌ವರ್ಪಿನ ದಾರಿ 42.75 ಕಿಲೋಮೀಟರ್ ಇತ್ತು. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಚೌಗುಲೆಯವರ ಸಮಯವನ್ನು ಇಂದಿನ ಯಾವ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಿದರೂ ಅವರಿಗೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದ ಅನ್ಯಾಯವಾಗುತ್ತದೆ. ಬೆಳಗಾವಿಯಿಂದ ಯುರೋಪಿಗೆ ಹೋಗಿ ಓಡಿದ ಆ ತರುಣನ ಹೆಸರು ಇಂದಿನ ಕನ್ನಡ ಓಟಗಾರರಲ್ಲಿ ಎಷ್ಟು ಮಂದಿಗೆ ಗೊತ್ತು ಎಂಬುದು ಬೇರೆಯೇ ಸಂಕಟ. ಅದನ್ನು ಇನ್ನೊಂದು ಲೇಖನಕ್ಕೆ ಉಳಿಸಿಕೊಳ್ಳುತ್ತೇವೆ.

ಕ್ರೀಡೆಯ ಆಡಳಿತ ನಡೆಸುವವರಿಗೂ ಈ ಕಷ್ಟ ತಿಳಿದಿತ್ತು. ಮೈದಾನದ ಓಟಗಳಿಗೆ ವಿಶ್ವದಾಖಲೆ ಬರೆಯುತ್ತಿದ್ದ ಅಂತಾರಾಷ್ಟ್ರೀಯ ಒಕ್ಕೂಟ ಮ್ಯಾರಥಾನ್‌ಗೆ ಬಹುಕಾಲ ‘ವಿಶ್ವದ ಅತ್ಯುತ್ತಮ ಸಮಯ’ ಎಂದಷ್ಟೇ ಬರೆಯುತ್ತಿತ್ತು. ಅಧಿಕೃತ ವಿಶ್ವದಾಖಲೆ ಎಂಬ ಗೌರವ ಸಿಕ್ಕಿದ್ದು 2004ರಲ್ಲಿ. ಒಂದು ಏರು ಇನ್ನೊಂದು ಏರಿನಂತಲ್ಲ, ಒಂದು ಊರಿನ ಗಾಳಿ ಇನ್ನೊಂದು ಊರಿನ ಗಾಳಿಯಂತಲ್ಲ ಎಂಬ ಹಿಂಜರಿಕೆ ಅದರ ಹಿಂದೆ ಇತ್ತು. ಈಗಲೂ ದಾರಿಯ ಇಳಿಜಾರು ಕಿಲೋಮೀಟರಿಗೆ ಸರಾಸರಿ ಒಂದು ಮೀಟರಿಗಿಂತ ಹೆಚ್ಚಿರಬಾರದು, ಆರಂಭ ಮತ್ತು ಅಂತ್ಯದ ತಾಣಗಳ ನೇರ ಅಂತರ ಓಟದ ದೂರದ ಅರ್ಧವನ್ನು ಮೀರಬಾರದು ಎಂಬ ನಿಯಮಗಳಿವೆ. 2011ರಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ ಬೋಸ್ಟನ್‌ನಲ್ಲಿ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಓಡಿದಾಗ ಅದು ಅಂದಿನ ವಿಶ್ವದಾಖಲೆಗಿಂತ ವೇಗವಾಗಿತ್ತು. ಆದರೂ ದಾಖಲೆಯಾಗಿ ನಿಲ್ಲಲಿಲ್ಲ. ಜಗತ್ತಿನ ಶ್ರೇಷ್ಠರಿಗೇ ದಾರಿ ನೋಡಿ ಸಮಯ ಅಳೆಯುವಾಗ, ಕಚೇರಿ ಮುಗಿಸಿ, ಮಕ್ಕಳ ಹೋಮ್‌ವರ್ಕ್ ಮುಗಿಸಿ, ಬೆಳಗಿನ ನಾಲ್ಕೂವರೆಗೆ ಎದ್ದು ಅಭ್ಯಾಸ ಮಾಡುವವರಿಗೆ ಆ ವಿನಾಯಿತಿ ಇಲ್ಲವೇ?

ಇನ್ನು ದುಂಡು ಸಂಖ್ಯೆಯ ಮೋಹ. ಎರಿಕ್ ಅಲೆನ್, ಪೆಟ್ರಿಷಿಯಾ ಡೆಚೌ, ಡೆವಿನ್ ಪೋಪ್, ಜಾರ್ಜ್ ವು ಎಂಬ ನಾಲ್ವರು ವಿದ್ವಾಂಸರು ಸುಮಾರು ಒಂದು ಕೋಟಿ ಮ್ಯಾರಥಾನ್ ಫಲಿತಾಂಶಗಳನ್ನು ಗುಡ್ಡೆ ಹಾಕಿ ನೋಡಿದ್ದಾರೆ. ಮೂರು ಗಂಟೆ, ಮೂರೂವರೆ, ನಾಲ್ಕು, ಇಂಥ ಗಡಿಗಳ ಈಚೆಗೆ ಓಟಗಾರರು ರಾಶಿಯಾಗಿ ನಿಂತಿದ್ದಾರೆ. ಗಡಿ ದಾಟುತ್ತಿದ್ದಂತೆ ಸಂಖ್ಯೆ ಥಟ್ಟನೆ ಇಳಿಯುತ್ತದೆ. ದೇಹಕ್ಕೆ ನಾಲ್ಕು ಗಂಟೆಯ ಗಡಿ ಗೊತ್ತಿಲ್ಲ, ಮನಸ್ಸಿಗೆ ಗೊತ್ತಿದೆ. ನಮಗಂತೂ ಇಲ್ಲೊಂದು ತಮಾಷೆ ಕಾಣುತ್ತದೆ. ನಮ್ಮ ಮುತ್ತಜ್ಜಂದಿರು ಹೊತ್ತನ್ನು ಇಪ್ಪತ್ತನಾಲ್ಕು ನಿಮಿಷದ ಗಳಿಗೆಯಲ್ಲಿ ಎಣಿಸುತ್ತಿದ್ದರು. ಆ ಲೆಕ್ಕದಲ್ಲಿ ನಾಲ್ಕು ಗಂಟೆ ಸರಿಯಾಗಿ ಹತ್ತು ಗಳಿಗೆ. ಅದಕ್ಕೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಜಗತ್ತೆಲ್ಲ ಹಂಬಲಿಸುವ ಮೂರು ಗಂಟೆ ಏಳೂವರೆ ಗಳಿಗೆಯಾಗುತ್ತದೆ. ಏಳೂವರೆ ಗಳಿಗೆಗಾಗಿ ಯಾರೂ ಮೊಣಕಾಲು ಸವೆಸುತ್ತಿರಲಿಲ್ಲ. ಮೂರು ಗಂಟೆ ಮೂವತ್ತಾರು ನಿಮಿಷಕ್ಕೆ, ಎಂದರೆ ಒಂಬತ್ತು ಗಳಿಗೆಗೆ, ಪದಕ ಕೊಡುತ್ತಿದ್ದರೇನೋ.

ಇಷ್ಟೆಲ್ಲ ಹೇಳಿದರೂ ಹೈದರಾಬಾದಿನ ರಸ್ತೆಯ ಮೇಲೆ ಕಾಲಿಡದೆ ಈ ಮಾತು ಪೂರ್ಣವಾಗದು. ಓಟ ಹುಸೇನ್ ಸಾಗರದ ದಂಡೆಯ ನೆಕ್ಲೆಸ್ ರಸ್ತೆಯಲ್ಲಿ ಆರಂಭವಾಗುತ್ತದೆ. ಈಗ ಅದಕ್ಕೆ ಪಿ.ವಿ. ನರಸಿಂಹರಾವ್ ಅವರ ಹೆಸರಿದೆ, ಆದರೆ ಓಟಗಾರರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಕತ್ತಲಿನ್ನೂ ಹರಿದಿರುವುದಿಲ್ಲ. ಕೆರೆಯ ಕಡೆಯಿಂದ ಬರುವ ಗಾಳಿ ತಂಪೆನಿಸುತ್ತದೆ, ಆದರೆ ಆ ತಂಪಿನೊಳಗೆ ಮಳೆಗಾಲದ ತೇವ ತುಂಬಿರುತ್ತದೆ. ದಾರಿ ವರ್ಷದಿಂದ ವರ್ಷಕ್ಕೆ ಅಲ್ಪಸ್ವಲ್ಪ ಬದಲಾದರೂ ಅದರ ಸ್ವಭಾವ ಬದಲಾಗುವುದಿಲ್ಲ: ಕೆರೆಯ ತಗ್ಗಿನಿಂದ ಪಶ್ಚಿಮದ ಬಂಡೆಗುಡ್ಡಗಳ ಕಡೆಗೆ. ಫ್ಲೈಓವರ್ ಏರಿ ಇಳಿಯುವಷ್ಟರಲ್ಲಿ ಇನ್ನೊಂದು ಫ್ಲೈಓವರ್. ಕೆ.ಬಿ.ಆರ್. ಉದ್ಯಾನದ ಸುತ್ತ ಹಸಿರು ಕಂಡು ಉಸಿರು ಬಿಡುವಷ್ಟರಲ್ಲಿ ಜೂಬಿಲಿ ಹಿಲ್ಸ್‌ನ ಏರು. ಆ ಊರುಗಳ ಹೆಸರಿನಲ್ಲೇ ಗುಡ್ಡವಿದೆ. ಕಾರಿನಲ್ಲಿ ಕುಳಿತು ಓಡಾಡುವವರಿಗೆ ಅದು ಬರಿಯ ವಿಳಾಸ. ದುರ್ಗಂ ಚೆರುವಿನ ಮೇಲೆ 2020ರಲ್ಲಿ ತೆರೆದ ತೂಗುಸೇತುವೆ ಚಿತ್ರಕ್ಕೆ ಸೊಗಸು. ಅದನ್ನು ದಾಟಿದ ಮೇಲೆ ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳು, ನೆರಳಿಲ್ಲದ ಅಗಲ ರಸ್ತೆಗಳು, ಕೊನೆಗೆ ಗಚ್ಚಿಬೌಲಿಯ ಕ್ರೀಡಾಂಗಣ.

ಓಡುವ ದೇಹ ತನ್ನ ಬಿಸಿಯನ್ನು ಮುಖ್ಯವಾಗಿ ಬೆವರಿನಿಂದ ಕಳೆದುಕೊಳ್ಳುತ್ತದೆ. ಬೆವರು ಸುರಿದರೆ ಸಾಲದು, ಅದು ಆರಬೇಕು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರದೆ ಅಂಗಿಗೆ ಅಂಟಿ, ಬೂಟಿಗೆ ಇಳಿಯುತ್ತದೆ. ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಆಗ ಹೃದಯ ಎರಡು ಕೆಲಸ ಮಾಡಬೇಕು, ಕಾಲಿನ ಸ್ನಾಯುಗಳಿಗೆ ರಕ್ತ ಕಳಿಸಬೇಕು ಮತ್ತು ತಣಿಯಲೆಂದು ಚರ್ಮಕ್ಕೂ ಕಳಿಸಬೇಕು. ಹೀಗಾಗಿ ವೇಗ ಅಷ್ಟೇ ಇದ್ದರೂ ನಾಡಿ ಏರುತ್ತ ಹೋಗುತ್ತದೆ. ಇದರ ಮೇಲೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜೆನ್ ಬರಿದಾಗುವ ಹೊತ್ತು. ಓಟಗಾರರು ‘ಗೋಡೆ’ ಎನ್ನುವುದು ಇದನ್ನೇ. ನಾಲ್ಕು ಗಂಟೆಗೆ ಮುಗಿಸಬೇಕಾದರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು ತಪ್ಪದಂತೆ ಓಡಬೇಕು. ಬರ್ಲಿನ್‌ನ ಮಟ್ಟಸ ರಸ್ತೆಯಲ್ಲಿ, ಸೆಪ್ಟೆಂಬರಿನ ತಂಪಿನಲ್ಲಿ ಆ ಸಂಖ್ಯೆಗೆ ಒಂದು ಅರ್ಥ. ಆಗಸ್ಟ್‌ನ ಜೂಬಿಲಿ ಹಿಲ್ಸ್‌ನಲ್ಲಿ ಬೇರೆಯೇ ಅರ್ಥ. ನಮ್ಮವರು ಆ ದಿನ ಉಳಿದರ್ಧಕ್ಕೆ ತೆಗೆದುಕೊಂಡ ಹದಿಮೂರು ಹೆಚ್ಚುವರಿ ನಿಮಿಷಗಳಲ್ಲಿ ಏರಿನ ಪಾಲೆಷ್ಟು, ತೇವದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಆದರೆ ಆ ನಿಮಿಷಗಳು ಈ ಊರಿಗೆ ಸೇರಿದವು ಎಂದು ನಾವು ನಂಬುತ್ತೇವೆ.

ಹಾಗಾದರೆ ಎರಡನೆಯ ಮಾತು, ‘ಮುಗಿಸಿದ್ದೇ ದೊಡ್ಡದು’ ಎಂಬುದು ಸರಿಯೇ? ನಮಗೆ ಅದರ ಮೇಲೆ ಇನ್ನೂ ಹೆಚ್ಚಿನ ಸಿಟ್ಟಿದೆ. ಒಂದು ಮಾತನ್ನು ಮಾತ್ರ ಇದರಿಂದ ಹೊರಗಿಡುತ್ತೇವೆ. ಆ ದಿನ ಮಧ್ಯಾಹ್ನ ರಾಯಚೂರಿನಿಂದ ಅವರ ತಾಯಿ ಫೋನು ಮಾಡಿ, ಎಲ್ಲ ಕೇಳಿದ ಮೇಲೆ, ‘ಮುಟ್ಟಿದಿ ಇಲ್ಲ? ಅಷ್ಟ ಸಾಕು ಬಿಡವ್ವ’ ಎಂದರಂತೆ. ಆ ಕಡೆ ಊರು ಸೇರುವುದಕ್ಕೆ ‘ಮುಟ್ಟುವುದು’ ಎನ್ನುತ್ತಾರೆ. ಹೋದವರು ಕ್ಷೇಮವಾಗಿ ಮುಟ್ಟಿದ್ದಾರೆಯೇ ಎಂಬುದಷ್ಟೇ ತಾಯಿಗೆ ಬೇಕಾದ ಸುದ್ದಿ. ಅದನ್ನು ಹೇಳುವ ಹಕ್ಕು ಅವರಿಗಿದೆ. ಆದರೆ ಜೊತೆಗೆ ಓಡಿದವರು, ಐದು ತಿಂಗಳ ಅಭ್ಯಾಸವನ್ನು ಕಣ್ಣಾರೆ ಕಂಡವರು ಅದೇ ಮಾತನ್ನು ಹೇಳಿದರೆ ಅದರಲ್ಲಿ ಒಂದು ಅಸಡ್ಡೆ ಇದೆ. ನಾಲ್ಕು ಗಂಟೆ ಬೇಕೆಂದು ಹೊರಟವರಿಗೆ ಅದು ಸಿಗಲಿಲ್ಲ. ಅದು ನಿಜವಾದ ನಷ್ಟ. ಅವರಿಗೆ ಬೇಸರವಾಗಿತ್ತು, ಬೇಸರಪಡಲು ಅವರಿಗೆ ಕಾರಣವಿತ್ತು. ಆ ಬೇಸರವನ್ನು ಪದಕದ ಚಿತ್ರ, ಚಪ್ಪಾಳೆಯ ಎಮೋಜಿಗಳ ಕೆಳಗೆ ಹೂಳುವುದು ಸ್ನೇಹಿತರ ಕೆಲಸವಲ್ಲ.

ಗುರಿಗೆ ತುಸು ಹಿಂದುಳಿದವರನ್ನು ದೊಡ್ಡ ಓಟದ ಜಗತ್ತು ಹೀಗೆ ಸಂತೈಸುವುದಿಲ್ಲ. 2017ರ ಮೇ 6ರಂದು ಇಟಲಿಯ ಮೊಂಝಾದಲ್ಲಿ ಎಲಿಯುಡ್ ಕಿಪ್‌ಚೋಗೆ ಎರಡು ಗಂಟೆಯೊಳಗೆ ಮ್ಯಾರಥಾನ್ ಓಡಲು ಹೊರಟು ಇಪ್ಪತ್ತೈದು ಸೆಕೆಂಡಿನಲ್ಲಿ ತಪ್ಪಿಸಿಕೊಂಡರು. ಎರಡು ವರ್ಷದ ಮೇಲೆ, 2019ರ ಅಕ್ಟೋಬರಿನಲ್ಲಿ, ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ಬದಲಿ ವೇಗಕಾರರ ತಂಡ, ಸಿದ್ಧಪಡಿಸಿದ ದಾರಿ ಇದ್ದುದರಿಂದ ಅದೂ ದಾಖಲೆಯ ಪುಸ್ತಕ ಸೇರಲಿಲ್ಲ. ನಮ್ಮಲ್ಲಿ ಇನ್ನೂ ದೀರ್ಘವಾದ ಕಥೆಯೊಂದಿದೆ. ಬಿಹಾರದ ಸೈನಿಕ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಓಡಿದರು. ಕೇರಳದ ಟಿ. ಗೋಪಿ 2019ರಲ್ಲಿ ಸಿಯೋಲ್‌ನಲ್ಲಿ 2 ಗಂಟೆ 13 ನಿಮಿಷ 39 ಸೆಕೆಂಡಿಗೆ ಬಂದಾಗಲೂ, ನಾಲ್ಕು ದಶಕಗಳ ಬೂಟು, ಆಹಾರ, ವಿಜ್ಞಾನ ಎಲ್ಲ ಬದಲಾದ ಮೇಲೂ, ಆ ಹಳೆಯ ಸಮಯಕ್ಕೆ ಒಂದು ನಿಮಿಷ ಮೂವತ್ತೊಂಬತ್ತು ಸೆಕೆಂಡು ಹಿಂದೆಯೇ ಉಳಿದರು. ಈ ಅಂತರಗಳನ್ನು ಯಾರೂ ಮರೆಮಾಚಲಿಲ್ಲ. ಮರೆಮಾಚದ ಕಾರಣಕ್ಕೇ ಅವುಗಳ ಬಗ್ಗೆ ಕೆಲಸ ಮಾಡಲು ಸಾಧ್ಯವಾಯಿತು.

ಇಲ್ಲಿ ಹೈದರಾಬಾದಿನ ಇನ್ನೊಂದು ಸಂಗತಿ ಸೇರಿಕೊಂಡಿದೆ. ನಮ್ಮಲ್ಲಿ ಬಹುಮಂದಿ ಹೊಟ್ಟೆಪಾಡಿಗೆ ಬಂದು ಸೇರಿದ್ದು ಹೈಟೆಕ್ ಸಿಟಿ, ಗಚ್ಚಿಬೌಲಿಗಳ ಕಂಪನಿಗಳಿಗೆ. ಓಟದ ಕೊನೆಯ ಗಂಟೆಯಲ್ಲಿ, ದೇಹ ಸೋತಿರುವಾಗ, ವಾರವಿಡೀ ತಲೆಬಗ್ಗಿಸಿ ದುಡಿಯುವ ಕಟ್ಟಡಗಳ ಮುಂದೆಯೇ ಹಾದುಹೋಗಬೇಕು. ಅಲ್ಲಿನ ‘ಟಾರ್ಗೆಟ್’ ಎಂಬ ಪದವನ್ನು ನಾವು ಅರಿವಿಲ್ಲದೆ ಓಟಕ್ಕೂ ತಂದಿದ್ದೇವೆ. ಕಚೇರಿಯ ಟಾರ್ಗೆಟ್ ಯಾರೋ ಕೊಟ್ಟದ್ದು. ತಪ್ಪಿದರೆ ಕೈಕಟ್ಟಿ ನಿಂತು ಜವಾಬು ಕೊಡಬೇಕು. ಕನ್ನಡದ ‘ಗುರಿ’ ಬಿಲ್ಲುಗಾರ ತಾನೇ ಕಣ್ಣಿಟ್ಟು ಆರಿಸಿಕೊಂಡದ್ದು. ಗುರಿ ತಪ್ಪಿದ ಬಾಣ ಎಲ್ಲಿ ಬಿತ್ತು, ಗಾಳಿ ಎತ್ತ ಬೀಸುತ್ತಿತ್ತು ಎಂದು ನಡೆದುಹೋಗಿ ನೋಡಬಹುದು. ನಮ್ಮ ಕೂಟಗಳಲ್ಲಿ ಓಟದ ಸಮಯ ಕೇಳುವ ದನಿ ಇತ್ತೀಚೆಗೆ ಮೇಲಧಿಕಾರಿಯ ದನಿಯಂತಾಗಿದೆ. ಸಮಯ ಹೇಳುವವರು ‘ಸಾರಿ’ ಎಂದು ಮಾತು ಆರಂಭಿಸುತ್ತಾರೆ. ಯಾರಿಗೆ, ಯಾತಕ್ಕೆ ಆ ‘ಸಾರಿ’?

ಅಪಾಯವೂ ಇಲ್ಲಿಯೇ ಇದೆ. ಜವಾಬು ಕೊಡಬೇಕೆಂಬ ಭಯದಿಂದ ಓಡುವವರು ತಲೆ ತಿರುಗಿದರೂ, ಬೆವರು ನಿಂತು ಮೈ ಜುಮ್ಮೆಂದರೂ ಕೈಗಡಿಯಾರ ನೋಡುತ್ತ ಓಡುತ್ತಾರೆ. ತೇವದ ಬಿಸಿಯಲ್ಲಿ ಅದು ಆಸ್ಪತ್ರೆಯ ದಾರಿ. ಕಳೆದ ಸಲ ನಮ್ಮ ಬಳಗದ ಇನ್ನೊಬ್ಬರು ಮೂವತ್ತೆರಡನೆಯ ಕಿಲೋಮೀಟರಿನಲ್ಲಿ ನಿಂತು, ವೈದ್ಯಕೀಯ ಡೇರೆಗೆ ಹೋಗಿ, ಬಿಬ್ ಕಳಚಿಟ್ಟು ಆಟೋ ಹಿಡಿದು ಮನೆಗೆ ಹೋದರು. ಅವರ ಸಮಯವನ್ನು ಯಾರೂ ಕೇಳಲಿಲ್ಲ, ಏಕೆಂದರೆ ಕೇಳಲು ಸಮಯವೇ ಇರಲಿಲ್ಲ. ಅಂದಿನ ಓಟದಲ್ಲಿ ಅತ್ಯಂತ ಸರಿಯಾದ ನಿರ್ಧಾರ ಅವರದೆಂದು ನಾವು ಭಾವಿಸುತ್ತೇವೆ. ಅದನ್ನು ಕೂಟದಲ್ಲಿ ಎದ್ದು ನಿಂತು ಹೇಳುವವರು ಬೇಕು.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಸಮಯ ಕೇಳುವವರು ಊರನ್ನೂ ತಿಂಗಳನ್ನೂ ಜೊತೆಗೆ ಕೇಳಲಿ. ತಪ್ಪಿದ ಗುರಿಯನ್ನು ತಪ್ಪಿತೆಂದೇ ಹೇಳಲು ಓಟಗಾರರಿಗೆ ಅವಕಾಶ ಕೊಡಲಿ. ನಾಲ್ಕು ಗಂಟೆ ಹನ್ನೊಂದು ನಿಮಿಷದ ನಮ್ಮ ಗೆಳತಿ ಈ ವರ್ಷ ಎರಡು ಸಂಖ್ಯೆ ಬರೆದಿಟ್ಟುಕೊಂಡಿದ್ದಾರೆ: ಆಗಸ್ಟ್‌ನ ಹೈದರಾಬಾದಿಗೆ ನಾಲ್ಕು ಗಂಟೆ ಹತ್ತು ನಿಮಿಷ, ಫೆಬ್ರವರಿಯ ದೆಹಲಿಗೆ ಮೂರು ಗಂಟೆ ಐವತ್ತೈದು. ಮೊದಲನೆಯದೇ ಕಷ್ಟದ್ದೆಂದು ಅವರ ಅಂದಾಜು. ಅಭ್ಯಾಸ ಆಗಲೇ ಆರಂಭವಾಗಿದೆ. ಭಾನುವಾರ ಬೆಳಿಗ್ಗೆ ಐದಕ್ಕೆ ನೆಕ್ಲೆಸ್ ರಸ್ತೆಗೆ ಬಂದರೆ ನಾವು ಸಿಗುತ್ತೇವೆ. ತಡವಾಗಿ ಬಂದವರು ಜೂಬಿಲಿ ಹಿಲ್ಸ್‌ನ ಏರಿನಲ್ಲಿ ಹುಡುಕಿದರೆ ಸಾಕು, ಅಲ್ಲಿ ನಾವು ನಡೆಯುತ್ತಿರುತ್ತೇವೆ.