ಟೇಪು ಕತ್ತರಿಸಿದ ಮೇಲೆ ಯಂತ್ರ ನೋಡಿಕೊಳ್ಳುವವರಾರು?

ಚಾಮರಾಜನಗರ ಜಿಲ್ಲೆಯ ನಮಗೆ 2021ನೇ ಇಸವಿಯ ಎರಡು ದಿನಾಂಕಗಳು ಮರೆಯುವಂಥವಲ್ಲ. ಮೇ 2ರಿಂದ 3ರ ನಡುವೆ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಆಮ್ಲಜನಕದ ಕೊರತೆಯ ಬಗ್ಗೆ ಹೈಕೋರ್ಟ್ ವಿಚಾರಣೆ ನಡೆಸಿತು, ಸಮಿತಿ ಕೂತಿತು, ಪರಿಹಾರದ ಮಾತಾಯಿತು. ಐದು ತಿಂಗಳು ಕಳೆದು ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರೇ ಬಂದು ಯಡಬೆಟ್ಟದ ಬಳಿ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ಉದ್ಘಾಟಿಸಿದರು. ಅದೇ ದಿನ ಅತ್ತ ಋಷಿಕೇಶದಲ್ಲಿ ಪ್ರಧಾನಿ 35 ಆಕ್ಸಿಜನ್ ಘಟಕಗಳನ್ನು ದೇಶಕ್ಕೆ ಒಪ್ಪಿಸಿದರು. ಪಿಎಂ ಕೇರ್ಸ್ ನಿಧಿಯಿಂದ ಆಗ ಹಣ ಸಿಕ್ಕಿದ್ದು ಒಟ್ಟು 1,224 ಘಟಕಗಳಿಗೆ.

ನಾನು ಇದೇ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತನಾದವನು. ಸರ್ಕಾರಿ ಆಸ್ಪತ್ರೆ ಹಾಳಾಗಿ ಹೋಯಿತು ಎಂದು ಕಟ್ಟೆಯ ಮೇಲೆ ಕೂತು ಬೈಯುವವರ ಜತೆ ನನಗೆ ಮೊದಲಿನಿಂದಲೂ ಜಗಳ. ಕೋವಿಡ್ ಆದಮೇಲೆ ನಮ್ಮ ಆಸ್ಪತ್ರೆಗಳು ಸುಧಾರಿಸಿವೆ. ಇದನ್ನು ಮೊದಲು ಒಪ್ಪಿಕೊಂಡು, ಆಮೇಲೆ ಕೇಳಬೇಕಾದ್ದನ್ನು ಕೇಳೋಣ.

ಕಳೆದ ವರ್ಷ ನಮ್ಮ ಬೀದಿಯ ಅರಿಶಿನದ ಬೆಳೆಗಾರರೊಬ್ಬರಿಗೆ ಬೆಳಗಿನ ಜಾವ ಎದೆ ಹಿಡಿದುಕೊಂಡಂತಾಯಿತು. ಹಿಂದಿನ ಕಾಲವಾಗಿದ್ದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ, ಜೋರಾದ ಮೇಲೆ ಬಾಡಿಗೆ ಕಾರು ಹುಡುಕಿ ಮೈಸೂರಿಗೆ ಓಡುತ್ತಿದ್ದರು. ಈ ಸಲ ಮಗ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಇಸಿಜಿ ತೆಗೆದು ಕಂಪ್ಯೂಟರಿನಲ್ಲಿ ಕಳಿಸಿದರು, ಹೃದಯಾಘಾತ ಎಂದು ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು. ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು, 108ರಲ್ಲಿ ಮೈಸೂರಿಗೆ ಸಾಗಿಸಿದರು. ಹೊರಗಡೆ ಕೊಂಡರೆ ಇಪ್ಪತ್ತೈದು ಮೂವತ್ತು ಸಾವಿರ ರೂಪಾಯಿ ಬೀಳುವ ಆ ಮದ್ದು ಅಲ್ಲಿ ಉಚಿತ. ಇದು ಪುನೀತ್ ರಾಜಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ. ಜಯದೇವ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಜೋಡಿಸಿ ಕೆಲಸ ಮಾಡುತ್ತದೆ. ಬೆಳೆಗಾರರು ಈಗ ಬೆಳಿಗ್ಗೆ ನನಗಿಂತ ಮುಂಚೆ ವಾಕಿಂಗ್ ಹೊರಡುತ್ತಾರೆ.

ಡಯಾಲಿಸಿಸ್ ವಿಭಾಗದಲ್ಲೂ ಹೀಗೆಯೇ. ಒಬ್ಬರಿಗೆ ಬಳಸಿದ ಡಯಲೈಸರನ್ನು ತೊಳೆದು ಮತ್ತೆ ಅವರಿಗೇ ಹಾಕುವ ಪದ್ಧತಿ ಹೋಗಿ, ಸರ್ಕಾರಿ ಕೇಂದ್ರಗಳಿಗೆ ಒಮ್ಮೆ ಬಳಸಿ ಬಿಸಾಡುವ ಡಯಲೈಸರ್ ಬಂದಿದೆ. ವಾರಕ್ಕೆ ಎರಡು ಮೂರು ಸಲ ಸೂಜಿ ಚುಚ್ಚಿಸಿಕೊಳ್ಳುವವರಿಗೆ ಸೋಂಕಿನ ಭಯ ಅಷ್ಟರಮಟ್ಟಿಗೆ ಕಡಿಮೆ. ಹೊರರೋಗಿಗಳ ಚೀಟಿಗೆ ಮೊಬೈಲಿನಲ್ಲಿ ಕ್ಯೂಆರ್ ಕೋಡ್ ಹಿಡಿದರೆ ಟೋಕನ್ ಬರುತ್ತದೆ. ಒತ್ತುವ ಗುಂಡಿಯ ಫೋನಿನ ಅಜ್ಜಿಯರು ಮಾತ್ರ ಇನ್ನೂ ಕಿಟಕಿಯ ಮುಂದೆ ನಿಂತಿರುತ್ತಾರೆ. ಅವರಿಗಾಗಿ ಒಂದು ಕಿಟಕಿ ಬೇರೆಯಾಗಿ ಇದ್ದರೆ ಯಾರಿಗೂ ನಷ್ಟವಿಲ್ಲ.

ಈಗ ಆಕ್ಸಿಜನ್ ವಿಷಯ. ಒಂದು ಜಂಬೊ ಸಿಲಿಂಡರಿನಲ್ಲಿ ಇರುವುದು ಸುಮಾರು 7,000 ಲೀಟರ್. ಉಸಿರಾಟ ಕಷ್ಟವಾದವರಿಗೆ ಹೈ ಫ್ಲೋ ಹಾಕಿದರೆ ನಿಮಿಷಕ್ಕೆ 60 ಲೀಟರ್ ತನಕ ಎಳೆಯುತ್ತದೆ. ಒಬ್ಬ ರೋಗಿಗೆ ಒಂದು ಸಿಲಿಂಡರ್ ಎರಡು ಗಂಟೆಯೂ ಬರುವುದಿಲ್ಲ. ತುಂಬಿದ ಸಿಲಿಂಡರಿಗೆ ಮೈಸೂರಿನ ದಾರಿ ಕಾಯುತ್ತಿದ್ದ ಜಿಲ್ಲೆಗೆ ಆ ಮೇ ತಿಂಗಳಲ್ಲಿ ಏನಾಯಿತು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಆಸ್ಪತ್ರೆಯ ಹಿತ್ತಲಲ್ಲೇ ಗಾಳಿಯಿಂದ ಆಮ್ಲಜನಕ ತೆಗೆಯುವ ಪಿಎಸ್‌ಎ ಘಟಕ ಇದ್ದರೆ, ಅದು ನಿಮಿಷಕ್ಕೆ 500 ಲೀಟರಿನದಾದರೆ, ಗಂಟೆಗೆ ನಾಲ್ಕು ಜಂಬೊ ಸಿಲಿಂಡರಿನಷ್ಟು ಅಲ್ಲೇ ತಯಾರಾಗುತ್ತದೆ. ಕೋವಿಡ್ ನಮಗೆ ಬಿಟ್ಟುಹೋದ ದೊಡ್ಡ ಆಸ್ತಿ ಇದು.

ಆಸ್ತಿಯನ್ನು ನೋಡಿಕೊಳ್ಳುವವರ ಸ್ಥಿತಿ ಬೇರೆ. ನಾನು ಬಿಪಿ ಮಾತ್ರೆಗೆ ಹೋದಾಗಲೆಲ್ಲ ಆಸ್ಪತ್ರೆಯ ಹಿಂದಿರುವ ಆಕ್ಸಿಜನ್ ಘಟಕದ ಶೆಡ್ಡಿಗೆ ಹೋಗಿ ಇಣುಕುತ್ತೇನೆ. ಕಂಪ್ರೆಸರ್, ಡ್ರೈಯರ್, ಜಿಯೋಲೈಟ್ ತುಂಬಿದ ಎರಡು ಎತ್ತರದ ಗೋಪುರಗಳು, ಪಕ್ಕದಲ್ಲಿ ಶುದ್ಧತೆ ತೋರಿಸುವ ಅನಲೈಸರ್. ಘಟಕ ಚಾಲೂ ಇದ್ದರೆ ಅದರಲ್ಲಿ ಶೇಕಡಾ 93ರ ಆಸುಪಾಸು ಇರಬೇಕು. ಒಮ್ಮೆ ಹೋದಾಗ ಶೆಡ್ಡಿಗೆ ಬೀಗ. ಇನ್ನೊಮ್ಮೆ ಹೋದಾಗ ಐಟಿಐ ಓದಿದ ಹುಡುಗನೊಬ್ಬ ಲಾಗ್ ಬುಕ್ ಬಿಡಿಸಿ ತೋರಿಸಿದ. ಎಷ್ಟೋ ಪುಟಗಳಲ್ಲಿ ದಿನಾಂಕ ಇದೆ, ಮುಂದಿನ ಕಾಲಂ ಖಾಲಿ.

“ಏನಪ್ಪಾ, ಯಾಕೆ ಓಡಿಸಿಲ್ಲ?” ಎಂದೆ.

“ಸಾರ್, ಫಿಲ್ಟರ್ ಬದಲಾಯಿಸಬೇಕು ಅಂತ ಬರ್ಕೊಟ್ಟು ಬೇಜಾನ್ ದಿನ ಆಯ್ತು. ವಾರಂಟಿ ಮುಗಿದೈತಂತೆ, ಎಎಂಸಿ ಆಗಿಲ್ವಂತೆ. ನನ್ ಸಂಬಳಾನೇ ಬಂದಿಲ್ಲ, ಅದುನ್ನ ಯಾರ್ನ ಕೇಳ್ಲಿ?”

ಎಎಂಸಿ ಎಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ. ಹುಡುಗ ಹೊರಗುತ್ತಿಗೆಯವನು. ಅವನ ಸಂಬಳ ಏಜೆನ್ಸಿಯ ಕೈಲಿ, ಏಜೆನ್ಸಿಯ ಬಿಲ್ಲು ಜಿಲ್ಲೆಯ ಕಡತದಲ್ಲಿ. ಮನೆಯ ಬಾವಿಯ ಮೋಟಾರನ್ನು ವರ್ಷಗಟ್ಟಲೆ ಓಡಿಸದೆ ಇಟ್ಟು, ಮದುವೆ ದಿನ ಸ್ವಿಚ್ ಒತ್ತುವ ಗೃಹಸ್ಥನಂತೆ ಆಗಿದೆ ನಮ್ಮ ಲೆಕ್ಕಾಚಾರ. ಆಸ್ಪತ್ರೆಯವರಿಗೆ ಕರೆಂಟ್ ಬಿಲ್ಲಿನ ಚಿಂತೆ. ಘಟಕ ಓಡಿಸುವುದಕ್ಕಿಂತ ಸಿಲಿಂಡರ್ ತರಿಸುವುದು ಸುಲಭ ಎನಿಸುತ್ತದೆ. ಮಾಮೂಲಿ ದಿನಗಳಲ್ಲಿ ಅದು ಸುಲಭವೂ ಹೌದು. ಆದರೆ ಘಟಕ ಕೊಟ್ಟಿದ್ದು ಮಾಮೂಲಿ ದಿನಗಳಿಗಾಗಿ ಅಲ್ಲ.

ಔಷಧ ಉಗ್ರಾಣದಲ್ಲಿ ಕೆಲಸ ಮಾಡಿದವನಿಗೆ ಈ ರೋಗ ಚೆನ್ನಾಗಿ ಗೊತ್ತು. ಮದ್ದು ಬಂದಿಳಿದ ದಿನ ಎಲ್ಲರೂ ಇರುತ್ತಾರೆ. ಅವಧಿ ಮುಗಿಯುವ ತಿಂಗಳು ಯಾವುದು, ಯಾವ ಪೆಟ್ಟಿಗೆ ಮುಂದಿಡಬೇಕು, ದಾಸ್ತಾನು ಮುಗಿಯುವ ಮೊದಲೇ ಇಂಡೆಂಟ್ ಯಾವಾಗ ಹಾಕಬೇಕು ಎಂದು ನೋಡುವುದಕ್ಕೆ ಒಬ್ಬನೇ ಇರುತ್ತಾನೆ. ಆ ಒಬ್ಬನ ಹುದ್ದೆ ಖಾಲಿ ಬಿದ್ದರೆ ‘ಹೃದಯ ಜ್ಯೋತಿ’ಯ ಚುಚ್ಚುಮದ್ದೂ ಬೀರುವಿನಲ್ಲೇ ಅವಧಿ ಮುಗಿಸಿಕೊಳ್ಳುತ್ತದೆ. ಹಾಗೆಯೇ ಮನೆಮನೆ ಸುತ್ತಿ ಕೋವಿಡ್ ಪಟ್ಟಿ ಮಾಡಿದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ಹದಿನೈದು ಸಾವಿರ ಗೌರವಧನ ಕೇಳಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾಯಿತು. ಕೋವಿಡ್ ಕಾಲದಲ್ಲಿ ಅವರ ಮೇಲೆ ಹೂವು ಸುರಿಸಿದವರು ನಾವೇ.

ಸರ್ಕಾರ ಮಾಡಬೇಕಾದ್ದು ದೊಡ್ಡದೇನಲ್ಲ. ಹೊಸ ಯಂತ್ರ ಮಂಜೂರು ಮಾಡುವ ಆದೇಶದಲ್ಲೇ ಮುಂದಿನ ವರ್ಷಗಳ ನಿರ್ವಹಣೆಯ ಹಣವೂ, ಅದನ್ನು ನಡೆಸುವವನ ಹುದ್ದೆಯೂ ಸೇರಿರಲಿ. ಪ್ರತಿ ತಿಂಗಳು ನಿಗದಿತ ದಿನ ಆಕ್ಸಿಜನ್ ಘಟಕವನ್ನು ವಾರ್ಡಿನ ಪೈಪಿಗೆ ಜೋಡಿಸಿ ಪೂರ್ತಿ ಓಡಿಸಲಿ, ಜನರೇಟರ್ ಮೇಲೂ ಓಡಿಸಲಿ. ಅದರ ಫಲಿತಾಂಶವನ್ನು ಆಸ್ಪತ್ರೆಯ ಬಾಗಿಲಲ್ಲಿ, ಇಂದಿನ ಕರ್ತವ್ಯನಿರತ ವೈದ್ಯರ ಹೆಸರಿನ ಪಕ್ಕದಲ್ಲೇ, ಬರೆದು ಹಾಕಲಿ: ಘಟಕ ಚಾಲೂ, ಶುದ್ಧತೆ ಇಷ್ಟು, ಇಸಿಜಿ ಇದೆ, ಎಕ್ಸರೇ ಕೆಟ್ಟಿದೆ. ಕೆಟ್ಟಿದೆ ಎಂದು ಬರೆದರೂ ಪರವಾಗಿಲ್ಲ, ಎಂದಿನಿಂದ ಎಂಬುದು ಇರಲಿ.

ನಮ್ಮ ಪಾಲೂ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ. ಸಣ್ಣಪುಟ್ಟ ದುರಸ್ತಿಗೆ ಹಣ ಖರ್ಚು ಮಾಡುವ ಅಧಿಕಾರ ಅದಕ್ಕಿದೆ. ಶಾಸಕರು ಬಿಡುವಾದಾಗ ಸಭೆ ಕರೆಯಲಿ ಎಂದು ಕಾಯುತ್ತಾ ಕೂತರೆ ಫಿಲ್ಟರ್ ಬದಲಾಗುವುದಿಲ್ಲ. ಕಳೆದ ಸಭೆ ಯಾವಾಗ ನಡೆಯಿತು, ನಡಾವಳಿ ಎಲ್ಲಿ ಎಂದು ಆಡಳಿತ ವೈದ್ಯಾಧಿಕಾರಿಗಳನ್ನು ಮರ್ಯಾದೆಯಿಂದಲೇ ಕೇಳಿ. ಬಾಯಿಮಾತಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಈ ತಿಂಗಳು ಮಾತ್ರೆಗೆಂದೋ, ಬಾಣಂತಿಯನ್ನು ನೋಡಲೆಂದೋ ಹೋದಾಗ ಒಮ್ಮೆ ಆ ಶೆಡ್ಡಿನ ತನಕ ನಡೆದು ಬನ್ನಿ. ಬೀಗ ಹಾಕಿದ್ದರೆ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ.